ರೋಸಮ್ಮ ಮಾತು ಮರೆತ ಮಳೆಗಾಲ

ಪಾಠ ಹೇಳಿ ಹೇಳಿ ಗಂಟಲು ಕಟ್ಟಿಕೊಂಡಿತ್ತು. ಹಿಪ್ಪಲಿ ತರೋಣವೆಂದು ಹೋದ ವಾರ ದೇವರಾಜ ಮಾರುಕಟ್ಟೆಯ ಪಕ್ಕದ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೇರೆ ಯಾವುದೋ ಡಬ್ಬದ ಮುಚ್ಚಳ ತೆಗೆದು, ಇದಲ್ಲ ಎಂದುಕೊಂಡು ಮುಚ್ಚಿಟ್ಟರು. ಅಷ್ಟು ಹೊತ್ತಿಗೆ ವಾಸನೆ ಹೊರಗೆ ಬಂದಾಗಿತ್ತು. ಜ್ಯೇಷ್ಠಮಧು. ನಾನು ಹಿಪ್ಪಲಿ ಕಟ್ಟಿಸಿಕೊಂಡು ಹೊರಗೆ ಬಂದೆ. ಸಯ್ಯಾಜಿರಾವ್ ರಸ್ತೆ ದಾಟುವಷ್ಟರಲ್ಲಿ ರೋಸಮ್ಮ ನಮ್ಮ ಮನೆಯಲ್ಲಿದ್ದ ಆ ಮಳೆಗಾಲ ಪೂರ್ತಿ ನೆನಪಿಗೆ ಬಂದಿತ್ತು.

ರೋಸಮ್ಮ ಎನ್ನುವುದು ಮೈಸೂರಿನ ಕುಂಬಾರಕೊಪ್ಪಲಿನವರು ಇಟ್ಟ ಹೆಸರು. ಅವರ ಹೆಸರು ರೋಸ್ವಿತಾ ಲೆಂಕೆ. ಜರ್ಮನಿಯ ನಟಿ, ನಾಟಕ, ಸಿನಿಮಾ, ಟೀವಿ ಮೂರರಲ್ಲೂ ಕೆಲಸ ಮಾಡಿದವರು. ಆ ವರ್ಷ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ಮಂಡಿನೋವಿಗೆ ಆಯುರ್ವೇದ ಚಿಕಿತ್ಸೆ ಮಾಡಿಸಿಕೊಳ್ಳಲು ಮೈಸೂರಿಗೆ ಬಂದಿದ್ದರು. ಚಿಕಿತ್ಸೆ ಮುಗಿದ ಮೇಲೆ ಊರಿಗೆ ಹೋಗುವ ಬದಲು, ಜರ್ಮನ್ ಬಲ್ಲವರ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆಯೇ ಎಂದು ವಿಚಾರಿಸಿದರಂತೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಕೆಳಗಿನ ಹಾಲಿನಲ್ಲಿ ನಾನು ಜರ್ಮನ್ ಪಾಠ ಹೇಳುತ್ತೇನೆ. ಜರ್ಮನಿಯ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗಬೇಕೆಂದಿರುವ ನರ್ಸುಗಳೇ ನನ್ನ ವಿದ್ಯಾರ್ಥಿಗಳು. ಮಹಡಿ ಮನೆ ಖಾಲಿ ಇತ್ತು. ಯಾರೋ ನನ್ನ ನಂಬರು ಕೊಟ್ಟರು.

ಅವರು ಬಂದ ದಿನ ಪಾಠ ನಡೆಯುತ್ತಿತ್ತು. ಹುಡುಗಿಯರು ಒಟ್ಟಿಗೆ ಒಂದು ವಾಕ್ಯ ಹೇಳುತ್ತಿದ್ದರು. ಆಟೋದಿಂದಿಳಿದು, ಮೆಟ್ಟಿಲಿನ ಕಂಬಿ ಹಿಡಿದು ಅಡ್ಡಡ್ಡವಾಗಿ ಹತ್ತುತ್ತಿದ್ದ ಮುದುಕಿ ಅರ್ಧದಲ್ಲಿ ನಿಂತು ಕಿಟಕಿಯೊಳಗೆ ಇಣುಕಿದರು. "ಶಿಳ್ಳೆ ಹಾಕೋ ಹಾಗೆ ತುಟಿ ಮಾಡಿ, ಆಮೇಲೆ 'ಈ' ಅನ್ನಿ" ಎಂದರು ಜರ್ಮನ್‌ನಲ್ಲಿ. ಹುಡುಗಿಯರಿಗೆ ಅರ್ಥವಾಗಲಿಲ್ಲ. ಅವರೇ ಮಾಡಿ ತೋರಿಸಿದರು. ನಾನು ಎರಡು ತಿಂಗಳಿಂದ ಹೇಳಿಕೊಡಲಾಗದ ಸ್ವರ ಹುಡುಗಿಯರ ಬಾಯಲ್ಲಿ ಸಲೀಸಾಗಿ ಬಂತು. ಅವರು ಒಮ್ಮೆ ತಲೆ ಆಡಿಸಿ ಮಹಡಿಗೆ ಹೋದರು.

ಮರುದಿನ ನನ್ನನ್ನು 'ಫ್ರೌ ಮಾಲತಿ', ಅಂದರೆ ಮಾಲತಿಯವರೇ, ಎಂದು ಕರೆದು ಒಂದು ಕಟ್ಟು ಹಾಳೆಗಳನ್ನು ಕೊಟ್ಟರು. ಕಾಟ್ರಿನ್ ಎಂಬ ನಿರ್ದೇಶಕಿಯೊಬ್ಬಳು ಇವರಿಗೆಂದೇ ಬರೆದ ಸಿನಿಮಾ. ಚಳಿಗಾಲದಲ್ಲಿ ಚಿತ್ರೀಕರಣ. ಇವರದು ಮುಖ್ಯ ಪಾತ್ರ: ಹಿಂದೆ ಟ್ರಾಮ್ ಓಡಿಸುತ್ತಿದ್ದ ಹೆಂಗಸು. ದಿನಾ ಬೆಳಿಗ್ಗೆ ಅವರ ಮುಂದೆ ಕೂತು ಬೇರೆ ಪಾತ್ರಗಳ ಮಾತನ್ನು ನಾನು ಓದಬೇಕು, ಅವರು ತಮ್ಮ ಮಾತನ್ನು ಬಾಯಿಪಾಠ ಮಾಡಬೇಕು. ಅಷ್ಟೇ ಕೆಲಸ.

"ಮೈಸೂರಲ್ಲಿ ಯಾಕೆ?" ಎಂದು ಕೇಳಿದೆ.

"ಇಲ್ಲಿ ನನ್ನನ್ನ ಯಾರೂ ಗುರುತು ಹಿಡಿಯಲ್ಲ. ಅಲ್ಲಿ ತರಕಾರಿ ಅಂಗಡೀಲಿ ಸಹ ಮುಂದಿನ ಪಾತ್ರ ಯಾವುದು ಅಂತ ಕೇಳ್ತಾರೆ" ಎಂದರು. ಆಗ ಆ ಉತ್ತರ ಸಾಕೆನಿಸಿತು.

ಜೂನ್ ತಿಂಗಳು ಹಾಗೆ ಹೋಯಿತು. ಆ ವರ್ಷ ಮಳೆ ಬೆಳಿಗ್ಗೆಯೇ ಹಿಡಿದುಕೊಳ್ಳುತ್ತಿತ್ತು. ಮಹಡಿಯ ಶೀಟಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳಿಸದೆ ನಾವು ಸುಮ್ಮನೆ ಕೂರಬೇಕಾಗುತ್ತಿತ್ತು. ತಮ್ಮ ಬದುಕಿನ ವಿಷಯವನ್ನು ಅವರು ಹೇಳಿದ್ದು ಇಂಥ ಬಿಡುವುಗಳಲ್ಲೇ, ಹಿಂದುಮುಂದಾಗಿ, ಯಾವ ಒತ್ತಾಯವೂ ಇಲ್ಲದೆ. ನಾನು ಜೋಡಿಸಿಕೊಂಡದ್ದು ಹೀಗೆ.

ಹುಟ್ಟಿದ್ದು ಎಲ್ಬೆ ನದಿಯ ದಡದ ಒಂದು ಸಣ್ಣ ಪಟ್ಟಣದಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ. ತಂದೆ ಯುದ್ಧದಿಂದ ವಾಪಸು ಬರಲಿಲ್ಲ. ತಾಯಿಗೆ ಊರಿನ ನಾಟಕಶಾಲೆಯಲ್ಲಿ ಪ್ರಾಂಪ್ಟರ್ ಕೆಲಸ. ರಂಗದ ಮುಂಭಾಗದಲ್ಲಿ, ನೆಲದ ಕೆಳಗೆ ಒಂದು ಗೂಡು. ಅದರೊಳಗೆ ಕೂತು ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡಬೇಕು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮಗಳೂ ಆ ಗೂಡಿನಲ್ಲೇ ತಾಯಿಯ ಕಾಲ ಬಳಿ ಕೂರುತ್ತಿದ್ದಳು. "ನಾನು ನಟರನ್ನ ಮೊದಲು ನೋಡಿದ್ದು ಮೊಣಕಾಲಿನ ತನಕ" ಎನ್ನುತ್ತಿದ್ದರು ರೋಸ್ವಿತಾ. "ಯಾರ ಬೂಟು ತೂತಾಗಿದೆ ಅಂತ ನಂಗೆ ಗೊತ್ತಿತ್ತು. ರಾಜನದ್ದೇ ಎಲ್ಲಕ್ಕಿಂತ ಹಾಳಾಗಿತ್ತು."

ಆಗ ಜರ್ಮನಿ ಎರಡಾಗಿತ್ತು. ಇವರಿದ್ದದ್ದು ಪೂರ್ವದ ಕಡೆ. ಬರ್ಲಿನ್‌ನಲ್ಲಿ ಅಭಿನಯ ಕಲಿತರು, ದೊಡ್ಡ ನಾಟಕ ತಂಡಕ್ಕೆ ಸೇರಿದರು. ಬಂದರಿನಲ್ಲಿ ಕ್ರೇನ್ ಓಡಿಸುವ ಹುಡುಗಿಯ ಪಾತ್ರವೊಂದನ್ನು ಸಿನಿಮಾದಲ್ಲಿ ಮಾಡಿದರು. ಪೂರ್ವ ಜರ್ಮನಿಗೆಲ್ಲ ಗೊತ್ತಾದರು. ಹುಡುಗಿಯರು ಅವರಂತೆ ಕೂದಲು ಕತ್ತರಿಸಿಕೊಂಡರಂತೆ. ತಂಡದ ನಟ ಯೋಖೆನ್‌ನನ್ನು ಮದುವೆಯಾದರು. ಒಮ್ಮೆ ತಂಡ ಪಶ್ಚಿಮ ಜರ್ಮನಿಗೆ ನಾಟಕ ಆಡಲು ಹೋಯಿತು. ಇವರಿಗೆ ಜ್ವರ, ಹೋಗಲಿಲ್ಲ. ತಂಡ ವಾಪಸು ಬಂತು, ಯೋಖೆನ್ ಬರಲಿಲ್ಲ. ಅಲ್ಲೇ ಉಳಿದುಬಿಟ್ಟ.

ಪೂರ್ವ ಜರ್ಮನಿಯ ಅಧಿಕಾರಿಗಳು ಮನೆಗೆ ಬಂದರು. ಗಂಡ ದೇಶಕ್ಕೆ ದ್ರೋಹ ಮಾಡಿದ ಎಂದು ರೇಡಿಯೋದಲ್ಲಿ ಓದಲು ಒಂದು ಹೇಳಿಕೆ ಬರೆದು ತಂದಿದ್ದರು. ಇವರು ಓದುವುದಿಲ್ಲ ಎಂದರು.

"ಹೆದರಿಕೆ ಆಗಲಿಲ್ವಾ?" ಎಂದು ಕೇಳಿದೆ.

"ಆಯ್ತು. ನನ್ನನ್ನ ಧೈರ್ಯವಂತೆ ಅಂದ್ಕೋಬೇಡಿ, ಫ್ರೌ ಮಾಲತಿ. ಅವರು ಬರೆದಿದ್ದ ಸಂಭಾಷಣೆ ತುಂಬಾ ಕೆಟ್ಟದಾಗಿತ್ತು" ಎಂದರು. ಆಮೇಲೆ, "ಚೆನ್ನಾಗಿದ್ದಿದ್ರೆ ಓದಿಬಿಡ್ತಿದ್ನೇನೋ, ಗೊತ್ತಿಲ್ಲ" ಎಂದರು.

ಅದರ ಬೆಲೆ ನಿಧಾನವಾಗಿ ತೆತ್ತರು. ಮುಗಿದಿದ್ದ ಸಿನಿಮಾ ಬಿಡುಗಡೆಯಾಗಲಿಲ್ಲ. ಹೊಸದಕ್ಕೆ ಕರೆಯಲಿಲ್ಲ. ಮುಖ ಕಾಣದ ಕೆಲಸ ಕೊಟ್ಟರು: ಬೇರೆ ದೇಶದ ಸಿನಿಮಾಗಳಿಗೆ ಕಂಠದಾನ. ರಷ್ಯಾದ, ಹಂಗೇರಿಯ ಹೆಂಗಸರಿಗೆ ದನಿ ಕೊಟ್ಟರು. ಒಂದು ಹಿಂದಿ ಸಿನಿಮಾದ ತಾಯಿಗೂ ಕೊಟ್ಟರಂತೆ. ಆ ತಾಯಿ ತುಂಬಾ ಅಳುತ್ತಿದ್ದಳು, ಅತ್ತು ಅತ್ತು ತಮ್ಮ ಗಂಟಲು ಊದಿಕೊಂಡಿತು ಎಂದು ನಕ್ಕರು. ಆಮೇಲೆ ಮಕ್ಕಳ ನಾಟಕ ತಂಡದಲ್ಲಿ ವರ್ಷಗಟ್ಟಲೆ ಬಾತುಕೋಳಿಯ ಪಾತ್ರ. ಬರ್ಲಿನ್ ಗೋಡೆ ಬಿದ್ದು ಜರ್ಮನಿ ಒಂದಾದಾಗ ಅರ್ಧ ವಯಸ್ಸು ಕಳೆದಿತ್ತು. ಯೋಖೆನ್‌ಗೆ ಆ ಕಡೆ ಹೆಂಡತಿ, ಮಕ್ಕಳು. ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಭೇಟಿಯಾಗಿ ಕಾಫಿ ಕುಡಿದರಂತೆ. "ಇಬ್ರೂ ಚೆನ್ನಾಗಿ ಅಭಿನಯಿಸಿದ್ವಿ" ಎಂದಷ್ಟೇ ಹೇಳಿದರು.

ಮತ್ತೆ ಹೆಸರು ಬಂದದ್ದು ಟೀವಿಯಿಂದ. ಆಸ್ಪತ್ರೆಯ ಕತೆಯ ಧಾರಾವಾಹಿಯೊಂದರಲ್ಲಿ ಹಿರಿಯ ನರ್ಸ್ ಆಗಿದ್ದರು. ಟ್ರಾಮಿನಲ್ಲಿ ಕೂತರೆ ಪಕ್ಕದವರು ತಮ್ಮ ಬ್ಲಡ್ ಪ್ರೆಶರ್ ಹೇಳಿಕೊಂಡು ಸಲಹೆ ಕೇಳುತ್ತಿದ್ದರಂತೆ. ನನ್ನ ವಿದ್ಯಾರ್ಥಿನಿಯರು ಮೊಬೈಲಿನಲ್ಲಿ ಅದರ ತುಣುಕುಗಳನ್ನು ಹುಡುಕಿ ನೋಡಿ, "ಮೇಡಂ, ಇಂಜೆಕ್ಷನ್ ಹಿಡಿಯೋದು ಕರೆಕ್ಟಾಗಿದೆ ಕಣ್ರೀ" ಎಂದು ಒಪ್ಪಿಗೆ ಕೊಟ್ಟರು.

ಜುಲೈನಲ್ಲಿ ಒಂದು ಬೆಳಿಗ್ಗೆ ಸಿನಿಮಾದ ದೊಡ್ಡ ಮಾತನ್ನು ಅಭ್ಯಾಸ ಮಾಡುತ್ತಿದ್ದೆವು. ಟ್ರಾಮಿನ ಹೆಂಗಸು, ತನ್ನ ಮೇಲೆ ಪೊಲೀಸರಿಗೆ ಗುಟ್ಟಾಗಿ ದೂರು ಕೊಟ್ಟು ಬದುಕು ಹಾಳು ಮಾಡಿದ ಮನುಷ್ಯನನ್ನು ಎಷ್ಟೋ ವರ್ಷದ ಮೇಲೆ ಆಸ್ಪತ್ರೆಯಲ್ಲಿ ನೋಡಲು ಹೋಗುತ್ತಾಳೆ. ಅವನು ಸಾಯುತ್ತಿದ್ದಾನೆ. ಬೈಯಲೆಂದು ಹೋದವಳು ತಾನು ಓಡಿಸುತ್ತಿದ್ದ ಟ್ರಾಮಿನ ದಾರಿ, ಅವನು ಹತ್ತುತ್ತಿದ್ದ ನಿಲ್ದಾಣ, ಅವನ ಕೈಯಲ್ಲಿರುತ್ತಿದ್ದ ಬ್ರೆಡ್ಡಿನ ಪೊಟ್ಟಣ, ಇದನ್ನೆಲ್ಲ ಹೇಳುತ್ತಾ ಹೋಗುತ್ತಾಳೆ. ಹಿಂದಿನ ದಿನ ರೋಸ್ವಿತಾ ಅದನ್ನು ಕೊನೆಯ ತನಕ ತಡವರಿಸದೆ ಹೇಳಿದ್ದರು. ಆ ದಿನ ನಾನು ಮೊದಲ ಮಾತು ಓದಿ ಕಾದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಇದು ಯಾವ ನಾಟಕ?" ಎಂದರು.

ತಮಾಷೆ ಎಂದುಕೊಂಡೆ. ಅಲ್ಲ. ನಾನು ಮತ್ತೆ ಓದಿದೆ. ಓದಿದ ರೀತಿ ಸರಿಯಿಲ್ಲ ಎಂದು ರೇಗಿದರು. ಒಂದು ವಾರ ಹೀಗೇ ನಡೆಯಿತು. ಒಂದು ದಿನ ಪೂರಾ ಬರುತ್ತಿತ್ತು, ಇನ್ನೊಂದು ದಿನ ಒಂದು ಸಾಲೂ ಇಲ್ಲ. ವಾರದ ಕೊನೆಗೆ ಅವರೇ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. ಮಂಡಿನೋವು ನಿಜ, ಆದರೆ ಬಂದದ್ದು ಅದಕ್ಕಲ್ಲ. ಎರಡು ವರ್ಷದ ಹಿಂದೆ ರಂಗದ ಮೇಲೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಾ ನಿಂತಿದ್ದರು. ಪ್ರೇಕ್ಷಕರು ಅದನ್ನು ನಿರ್ದೇಶಕರ ಹೊಸ ಪ್ರಯೋಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಡಾಕ್ಟರು ಮೆದುಳಿನ ಸ್ಕ್ಯಾನ್ ತೋರಿಸಿ, ಇದು ಮರೆವಿನ ರೋಗದ ಆರಂಭ ಎಂದರು.

"ಕಾಟ್ರಿನ್‌ಗೆ ಗೊತ್ತಾ?"

"ಇಲ್ಲ. ಗೊತ್ತಾಗಲೂಬಾರದು. ಈ ಮಾತು ಹೇಳೋದಕ್ಕೆ ನಾನು ಅರ್ಧ ಆಯಸ್ಸು ಕಾದಿದೀನಿ."

ಟ್ರಾಮಿನ ಹೆಂಗಸಿನ ಹಾಗೆ ಅವರ ಮೇಲೂ ಯಾರಾದರೂ ದೂರು ಕೊಡುತ್ತಿದ್ದರೇ ಎಂದು ಕೇಳಿದೆ. ಕೊಡುತ್ತಿದ್ದರು, ಜರ್ಮನಿ ಒಂದಾದ ಮೇಲೆ ಪೊಲೀಸರ ಕಡತ ನೋಡಿ ಯಾರೆಂದು ತಿಳಿದುಕೊಳ್ಳುವ ಅವಕಾಶ ಬಂತು, ತಿಳಿದುಕೊಳ್ಳಲಿಲ್ಲ ಎಂದರು. "ಗೊತ್ತಿಲ್ಲದಿದ್ರೆ ಎಲ್ಲರ ಜೊತೇನೂ ಕೂತು ಕಾಫಿ ಕುಡೀಬಹುದು."

ಪುಟ್ಟಸ್ವಾಮಿಯವರು ನಮ್ಮ ಮನೆಗೆ ಬಂದದ್ದು ಆ ದಿನಗಳಲ್ಲೇ. ಅವರು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡುತ್ತಾರೆ. ಇಲವಾಲದ ಕಡೆಯ ಒಕ್ಕಲು ಮನೆತನ. ಅಪ್ಪನ ಕಾಲದಲ್ಲೇ ಕುಂಬಾರಕೊಪ್ಪಲಿಗೆ ಬಂದು ನೆಲೆಸಿದವರು. ಬಿಡುವಿನಲ್ಲಿ ನಾಟಕ ಬರೆದು ಆಡಿಸುತ್ತಾರೆ. ಅವರ ತಂಡದ ಹುಡುಗಿಯೊಬ್ಬಳು ನನ್ನ ವಿದ್ಯಾರ್ಥಿನಿ. ಅವಳಿಂದ ಸುದ್ದಿ ಹೋಗಿತ್ತು. ಒಂದು ಚಿಪ್ಪು ರಸಬಾಳೆ ಹಿಡಿದುಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತರು.

"ಮೇಡಂ, ಅಮ್ಮಾವ್ರನ್ನ ಒಂದ್ಸಲ ನಮ್ ರಿಹರ್ಸಲ್ಲಿಗೆ ಕರ್ಕೊಂಡ್ ಬನ್ನಿ. ನೋಡಿ ಏನಾರ ಹೇಳ್ಕೊಟ್ರೆ ನಮ್ ಪುಣ್ಯ" ಎಂದರು.

ಮಾತಿನ ನಡುವೆ ಕಂಠದಾನದ ವಿಷಯ ಹೇಳಿದೆ. ಪುಟ್ಟಸ್ವಾಮಿ ಕಣ್ಣರಳಿಸಿದರು. "ಡಬ್ಬಿಂಗಾ? ಅಯ್ಯೋ, ಅದ್ನ ಇಲ್ಲಿ ಜೋರಾಗಿ ಹೇಳ್ಬೇಡಿ ಮೇಡಂ. ನಮ್ಮೋರು ಅದುಕ್ಕೇ ಬೀದಿಗಿಳಿದು ಜಗಳ ಆಡ್ಬುಟ್ಟವ್ರೆ." ಇದನ್ನು ಜರ್ಮನ್‌ನಲ್ಲಿ ವಿವರಿಸಲು ನನಗೆ ಬಹಳ ಹೊತ್ತು ಹಿಡಿಯಿತು. ರೋಸ್ವಿತಾ ಕೇಳಿ, "ನನ್ನ ಪರವಾಗಿ ಯಾರೂ ಹಾಗೆ ಜಗಳ ಆಡಲಿಲ್ಲ" ಎಂದು ಬಾಳೆಹಣ್ಣು ಸುಲಿದರು.

ರಿಹರ್ಸಲ್ ನಡೆಯುತ್ತಿದ್ದದ್ದು ಕುಂಬಾರಕೊಪ್ಪಲಿನ ಒಂದು ಹಳೆಯ ಶೆಡ್ಡಿನಲ್ಲಿ. ಪುಟ್ಟಸ್ವಾಮಿಯವರದೇ ನಾಟಕ. ಒಂದು ಬಾವಿ ಯಾರದೆಂಬ ಜಗಳದಲ್ಲಿ ಮುನಿಸಿಕೊಂಡ ಅಕ್ಕತಂಗಿಯರು, ಅಕ್ಕಪಕ್ಕದ ಮನೆಯಲ್ಲೇ ಮುದುಕಿಯರಾಗಿದ್ದಾರೆ. ಅಕ್ಕ ದಿನವಿಡೀ ಮಾತಾಡುತ್ತಾಳೆ. ತಂಗಿ ಮಾತು ಬಿಟ್ಟಿದ್ದಾಳೆ. ನಾಟಕದಲ್ಲಿ ಅವಳು ಒಂದು ಶಬ್ದವನ್ನೂ ಆಡುವುದಿಲ್ಲ. ಅಕ್ಕನ ಪಾತ್ರ ನಾಗರತ್ನಮ್ಮನವರದು. ಅವರು ಚಿಕ್ಕ ವಯಸ್ಸಿನಿಂದ ಕಂಪನಿ ನಾಟಕಗಳಲ್ಲಿ ಊರೂರು ಸುತ್ತಿದವರು. ಎಪ್ಪತ್ತು ದಾಟಿದ್ದರೂ ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳಿಸುವ ಕಂಠ. ತಂಗಿಯ ಪಾತ್ರದವರು ಧಾರಾವಾಹಿಯಲ್ಲಿ ಅವಕಾಶ ಸಿಕ್ಕಿತೆಂದು ಬಿಟ್ಟು ಹೋಗಿದ್ದರು.

ರೋಸ್ವಿತಾ ಒಂದು ಗಂಟೆ ಅಲುಗದೆ ನೋಡಿದರು. ಮುಗಿದ ಮೇಲೆ ನಾಗರತ್ನಮ್ಮ ಸೊಂಟದ ಚೀಲದಿಂದ ಒಂದು ಕಡ್ಡಿ ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಇವರಿಗೆ ಕೊಟ್ಟರು. ಜ್ಯೇಷ್ಠಮಧು. ರೋಸ್ವಿತಾ ಅಗಿದರು. ಮುಖ ಅರಳಿತು. "ಲಾಕ್ರಿಟ್ಸೆ!" ಎಂದು ಕೂಗಿದರು. ಅವರ ಊರಿನ ಮಕ್ಕಳು ತಿನ್ನುವ ಕಪ್ಪು ಮಿಠಾಯಿಗೆ ಇದೇ ಬೇರಿನ ರಸ ಹಾಕುತ್ತಾರೆ.

"ಏನಂತೆ?" ಎಂದರು ನಾಗರತ್ನಮ್ಮ. ಹೇಳಿದೆ. "ಮಿಠಾಯಿ ಮಾಡ್ಕಂಡು ತಿಂತಾರಾ? ತಿನ್ಲಿ ಬುಡು, ಗಂಟ್ಲು ಒಳ್ಳೇದಾಯ್ತದೆ" ಎಂದು ಚೀಲವನ್ನೇ ಕೊಟ್ಟುಬಿಟ್ಟರು.

ತಂಗಿಯ ಪಾತ್ರವನ್ನು ತಾನು ಮಾಡಲೇ ಎಂದು ಕೇಳಿದ್ದು ರೋಸ್ವಿತಾರೇ. ಪುಟ್ಟಸ್ವಾಮಿ ಗಾಬರಿಯಾದರು. ಬಿಳಿ ತೊಗಲಿನ ತಂಗಿಯನ್ನು ಜನ ಒಪ್ಪುತ್ತಾರೆಯೇ ಎಂದು ತಲೆ ಕೆರೆದುಕೊಂಡರು. ನಾಗರತ್ನಮ್ಮ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮತ್ತೆ ಇವ್ಳಿಗಿಂತ ಬೆಳ್ಳಗಿದ್ರು ಕಣೋ. ಸೀರೆ ಉಡಿಸಿ ನಿಲ್ಸು, ಮಿಕ್ಕಿದ್ದು ನಾನ್ ನೋಡ್ಕತೀನಿ." ಅವತ್ತಿನಿಂದ ರೋಸ್ವಿತಾ ರೋಸಮ್ಮನಾದರು.

ಆಗಸ್ಟಿನಲ್ಲಿ ಕಾಟ್ರಿನ್ ಒಂದು ವೀಡಿಯೋ ಕಾಲ್ ಇಟ್ಟುಕೊಂಡಳು. ದೊಡ್ಡ ಮಾತನ್ನು ಒಮ್ಮೆ ಕೇಳಬೇಕು, ಆಮೇಲೆ ಎಲ್ಲ ಖಾತ್ರಿ ಮಾಡುತ್ತೇನೆ ಎಂದಳು. ಹಿಂದಿನ ದಿನ ರೋಸ್ವಿತಾ ಕತ್ತರಿ, ಅಂಟು ತರಿಸಿದರು. ಮಾತನ್ನು ದಪ್ಪಕ್ಷರದಲ್ಲಿ ಬರೆದು, ಲ್ಯಾಪ್‌ಟಾಪಿನ ಹಿಂದಿನ ಗೋಡೆಗೆ ನಾವಿಬ್ಬರೂ ಸೇರಿ ಅಂಟಿಸಿದೆವು. ಅವರು ಹೇಳಿದಂತೆ ನಾನು ಮಾಡಿದೆ. ಆ ಹೊತ್ತಿಗೆ ಅದು ನಾಟಕದ ಸಿದ್ಧತೆಯಂತೆಯೇ ಇತ್ತು. ಮರುದಿನ ಅವರು ಆ ಹಾಳೆಗಳನ್ನು ನೋಡಿಕೊಂಡು ಹೇಳಿದ ರೀತಿಗೆ, ಬಾಗಿಲ ಬಳಿ ನಿಂತಿದ್ದ ನಾನು ಹಾಳೆಗಳಿರುವುದನ್ನೇ ಮರೆತೆ. ಸ್ಕ್ರೀನಿನ ಮೇಲೆ ಕಾಟ್ರಿನ್ ಕಣ್ಣೊರೆಸಿಕೊಂಡಳು. ಚಳಿಗಾಲದಲ್ಲಿ ಭೇಟಿಯಾಗೋಣ ಎಂದಳು. ಕಾಲ್ ಮುಗಿದ ಮೇಲೆ ರೋಸ್ವಿತಾಗೆ ಸಂತೋಷವೇನೂ ಕಾಣಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಕಿತ್ತರು. ಗೋಡೆಯ ಸುಣ್ಣವೂ ಜೊತೆಗೆ ಬಂತು.

ನಾಟಕ ಸೆಪ್ಟೆಂಬರಿನಲ್ಲಿ ನಡೆಯಿತು, ದಸರಾಕ್ಕೆ ಊರು ದೀಪ ಕಟ್ಟಲು ಶುರುಮಾಡಿದ್ದಾಗ. ಸಂಜೆಯ ಪ್ರದರ್ಶನ. ಒಂದು ಶಾಲೆಯ ಸಭಾಂಗಣ. ಕುಂಬಾರಕೊಪ್ಪಲಿನ ಅರ್ಧ ಜನ ಅಲ್ಲಿದ್ದರು. ನನ್ನ ನರ್ಸುಗಳು ಎರಡು ಸಾಲು ಹಿಡಿದು ಕೂತಿದ್ದರು. ನಾನು ಪಕ್ಕದ ಪರದೆಯ ಮರೆಯಲ್ಲಿದ್ದೆ. ಅರ್ಧ ನಾಟಕ ಚೆನ್ನಾಗಿ ಹೋಯಿತು. ರೋಸಮ್ಮ ಕೆಂಪಂಚಿನ ಹತ್ತಿ ಸೀರೆಯಲ್ಲಿ ಬಂದು, ಅಂಗಳ ಗುಡಿಸಿ, ಅಕ್ಕನ ಮಾತಿಗೆ ಬೆನ್ನು ತಿರುಗಿಸಿ ಕೂತರು. ಅವರು ಕೂತ ರೀತಿಗೇ ಜನ ನಕ್ಕರು, ಆಮೇಲೆ ಸುಮ್ಮನಾದರು.

ಬಾವಿಯ ದೃಶ್ಯದಲ್ಲಿ ಅವರು ಕೊಡ ತುಂಬಿಕೊಂಡು ಎಡಗಡೆಗೆ ಹೋಗಬೇಕಿತ್ತು. ನಡುವೆ ನಿಂತರು. ಕೊಡವನ್ನು ಮೆಲ್ಲಗೆ ಕೆಳಗಿಟ್ಟರು. ನಾಗರತ್ನಮ್ಮನ ಕಡೆ ತಿರುಗಿ ಮಾತಾಡತೊಡಗಿದರು. ಜರ್ಮನ್‌ನಲ್ಲಿ.

ಅಲ್ಲಿದ್ದವರಲ್ಲಿ ಅದು ಏನೆಂದು ತಿಳಿದದ್ದು ನನಗೊಬ್ಬಳಿಗೆ. ಟ್ರಾಮಿನ ಹೆಂಗಸಿನ ಮಾತು. ಎಷ್ಟೋ ಬೆಳಿಗ್ಗೆ ಬರದೆ ಸತಾಯಿಸಿದ ಮಾತು ಈಗ ತಾನಾಗಿ ಬರುತ್ತಿತ್ತು: ಟ್ರಾಮಿನ ದಾರಿ, ನಿಲ್ದಾಣಗಳು, ಮಳೆಯಲ್ಲಿ ಬಾಗಿಲು ತೆರೆದಾಗ ಒಳಗೆ ನುಗ್ಗುವ ತಣ್ಣನೆ ಗಾಳಿ. ಪರದೆಯ ಆಚೆ ಬದಿಯಲ್ಲಿ ಪುಟ್ಟಸ್ವಾಮಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು. ಬ್ರೆಡ್ಡಿನ ಪೊಟ್ಟಣದ ಸಾಲಿಗೆ ಬಂದಾಗ ರೋಸಮ್ಮ ನಿಂತರು. ಅದೇ ಸಾಲನ್ನು ಮತ್ತೆ ಹೇಳಿದರು. ಮತ್ತೊಮ್ಮೆ ಹೇಳಿದರು. ಕಣ್ಣುಗಳು ಏನನ್ನೋ ಹುಡುಕುತ್ತಿದ್ದವು. ಮುಂದಿನ ಪದ ನನ್ನ ಬಾಯಲ್ಲಿತ್ತು. ಪರದೆಯ ಮರೆಯಿಂದ ಹೇಳಿದೆ, ಅವರಿಗೆ ಕೇಳಿಸಲಿಲ್ಲ.

ನಾಗರತ್ನಮ್ಮ ಅಷ್ಟು ಹೊತ್ತೂ ಅಲುಗದೆ ಕೇಳಿಸಿಕೊಂಡಿದ್ದರು. ಈಗ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಬಂದರು.

"ಅಲ್ಲ ಕಣವ್ವ, ಇಷ್ಟು ವರ್ಸ ಬಾಯ್ ಬುಡ್ದೋಳು ಇವತ್ತು ಬುಟ್ಟೆ. ಅದ್ರಲ್ಲಿ ಒಂದಕ್ಸರನಾರ ನಂಗೆ ತಿಳಿಯೋ ಅಂಗೆ ಹೇಳ್ದಾ? ಇನ್ನೂ ಕ್ವಾಪ ಹೋಗಿಲ್ಲ ನಿಂಗೆ" ಎಂದರು.

ಸಭೆ ಗೊಳ್ಳೆಂದು ನಕ್ಕಿತು. ನಗು ಇಳಿಯುವ ತನಕ ಅವರು ಕಾದರು. ಆಮೇಲೆ ದನಿ ಇಳಿಸಿ, "ಆಗ್ಲಿ. ನೀನ್ ಹೇಳಿದ್ನೆಲ್ಲ ಕೇಳಿಸ್ಕಂಡೆ. ನಿಂದು ತಪ್ಪಿಲ್ಲ. ಬಾ, ಒಳಕ್ಕೆ ಹೋಗವಾ" ಎಂದು ರೋಸಮ್ಮನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಕೊಡ ಎತ್ತಿಕೊಂಡು, ಇಬ್ಬರೂ ಒಂದೇ ಬಾಗಿಲಿಂದ ಒಳಗೆ ಹೋದರು. ನಾಟಕದಲ್ಲಿ ಅಕ್ಕತಂಗಿಯರು ರಾಜಿಯಾಗುವುದೇ ಇಲ್ಲ. ಅವತ್ತು ಆದರು. ಪುಟ್ಟಸ್ವಾಮಿ ಒಂದು ನಿಮಿಷ ಯೋಚಿಸಿ, ಉಳಿದ ದೃಶ್ಯಗಳನ್ನು ಬಿಟ್ಟು ತೆರೆ ಎಳೆಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಳಗೆ ರೋಸ್ವಿತಾ ಒಂದು ಟ್ರಂಕಿನ ಮೇಲೆ ಕೂತು ನನ್ನನ್ನು ಕೇಳಿದರು: "ಕ್ಯಾಮೆರಾ ಎಲ್ಲಿತ್ತು? ನಂಗೆ ಕಾಣಿಸಲೇ ಇಲ್ಲ."

ನಾಗರತ್ನಮ್ಮ ಅವರ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಬಟ್ಟೆಯಿಂದ ಒರೆಸುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ರೋಸ್ವಿತಾಗೆ ಎಲ್ಲ ತಿಳಿಯಿತು. ತಿಳಿದದ್ದು ಅವರ ಮುಖದಲ್ಲಿ ಕಂಡಿತು. ತಲೆ ತಗ್ಗಿಸಿ, ತನ್ನಿಂದ ನಿಮ್ಮ ನಾಟಕ ಹಾಳಾಯಿತು ಎಂದು ನಾಗರತ್ನಮ್ಮನವರಿಗೆ ಹೇಳುವಂತೆ ನನ್ನನ್ನು ಕೇಳಿಕೊಂಡರು. ಹೇಳಿದೆ.

"ಹಾಳೇನ್ ಬಂತು? ನಂಗೂ ಎಷ್ಟೋ ಸಲ ಮರ್ತೋಗದೆ. ಒಂದ್ಸಲ ಹಾಸನ್‌ದಲ್ಲಿ ಸೀತೆ ಮಾಡ್ತಾ ಮಾಡ್ತಾ ದ್ರೌಪದಿ ಮಾತು ಹೇಳ್ಬುಟ್ಟಿದ್ದೆ. ರಾಮನ್ ಪಾರ್ಟ್ ಮಾಡ್ತಿದ್ದೋರು ಗಟ್ಟಿಗ್ರು, ಸಂಭಾಳಿಸ್ಕಂಡ್ರು. ಕೇಳವ್ವ ಅವ್ಳ್ನ, ಜೊತ್ಗೆ ನಿಂತೋರು ಇನ್ಯಾಕೆ ಇರಾದು ಅಂತ" ಎಂದರು ನಾಗರತ್ನಮ್ಮ.

ಅದನ್ನು ಜರ್ಮನ್‌ಗೆ ತಂದೆ. ರೋಸ್ವಿತಾ ಸೀತೆ ಯಾರು, ದ್ರೌಪದಿ ಯಾರು ಎಂದು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಟ್ರಿನ್‌ಗೆ ಫೋನು ಮಾಡಿದರು. ಡಾಕ್ಟರು ಹೇಳಿದ್ದು, ಗೋಡೆಗೆ ಅಂಟಿಸಿದ ಹಾಳೆಗಳು, ಹಿಂದಿನ ಸಂಜೆ ಆದದ್ದು, ಎಲ್ಲವನ್ನೂ ಅಳುಕದೆ ಹೇಳಿದರು. ಬೇರೆ ನಟಿಯನ್ನು ಹುಡುಕಿಕೋ ಎಂದರು.

"ಹಾಳೆ ನೋಡಿ ಓದ್ತಿದ್ರಿ ಅಂತ ನಂಗೆ ಅವತ್ತೇ ಗೊತ್ತಾಯ್ತು" ಎಂದಳು ಕಾಟ್ರಿನ್. "ನಿಮ್ಮ ಕಣ್ಣು ಎಡದಿಂದ ಬಲಕ್ಕೆ ಓಡ್ತಿತ್ತು. ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ."

"ಗೊತ್ತಿದ್ದೂ ಒಪ್ಪಿಕೊಂಡ್ಯಾ?"

"ನಂಗೆ ಬೇಕಾಗಿದ್ದು ನೀವು. ಕ್ಯಾಮೆರಾ ಪಕ್ಕ ನಾನೇ ಬೋರ್ಡು ಹಿಡಿದು ನಿಲ್ತೀನಿ. ಒಂದು ದಿನಕ್ಕೆ ಎರಡೇ ಸಾಲು ಬಂದ್ರೆ ಎರಡೇ ಸಾಲು ತೆಗಿಯೋಣ. ಆದ್ರೆ ಹೇಳಿ, ನಿಮಗಿದು ಬೇಕಾ? ಮಾಡೋವಾಗ ಕಷ್ಟ ಆಗುತ್ತೆ."

ರೋಸ್ವಿತಾ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳಲೆಂದು ನೋಡಿದರೋ ಸುಮ್ಮನೆ ನೋಡಿದರೋ ತಿಳಿಯಲಿಲ್ಲ. "ಬೇಕು" ಎಂದರು ಫೋನಿಗೆ. "ಆದರೆ ಮುಚ್ಚಿಡೋದು ಬೇಡ. ಸೆಟ್ಟಿನಲ್ಲಿ ಎಲ್ಲರಿಗೂ ಮೊದಲೇ ಹೇಳಿಬಿಡು."

ಅಕ್ಟೋಬರಿನಲ್ಲಿ ಅವರು ಹೊರಟರು. ಪುಟ್ಟಸ್ವಾಮಿ ಇಲಾಖೆಗೆ ರಜೆ ಹಾಕಿ ವಿಮಾನ ನಿಲ್ದಾಣದ ತನಕ ಬಂದರು. ನಾಗರತ್ನಮ್ಮ ಮನೆಯಲ್ಲೇ ಬೀಳ್ಕೊಟ್ಟರು; ಕುಂಕುಮ ಇಟ್ಟು, ಮಡಿಲಿಗೆ ತೆಂಗಿನಕಾಯಿ ಹಾಕಿದರು. ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವೆಂದು ನಾನು ಹೇಳಿದರೂ ಇಬ್ಬರೂ ಕೇಳಲಿಲ್ಲ. ಚಿತ್ರೀಕರಣ ಹೇಳಿದ ಸಮಯಕ್ಕಿಂತ ಬಹಳ ಹೆಚ್ಚು ಹಿಡಿಯಿತಂತೆ. ಕೊನೆಯ ದಿನಗಳಲ್ಲಿ ರೋಸ್ವಿತಾ ಬೋರ್ಡನ್ನೂ ಓದಲಾರದೆ, ಕಾಟ್ರಿನ್ ಹೇಳಿಕೊಟ್ಟದ್ದನ್ನು ಸಾಲು ಸಾಲಾಗಿ ಹೇಳುತ್ತಿದ್ದರಂತೆ.

ಮುಂದಿನ ವರ್ಷ ಕಾಟ್ರಿನ್ ಸಿನಿಮಾವನ್ನು ನನಗೆ ಕಳಿಸಿದಳು. ನಾಗರತ್ನಮ್ಮ, ಪುಟ್ಟಸ್ವಾಮಿ ಇಬ್ಬರನ್ನೂ ಮನೆಗೆ ಕರೆದೆ. ಮಧ್ಯಾಹ್ನ ಊಟ ಮಾಡಿ, ಕಿಟಕಿ ಮುಚ್ಚಿ ನೋಡಿದೆವು. ಆಸ್ಪತ್ರೆಯ ದೃಶ್ಯ ಬಂದಾಗ ನಾನು ಕನ್ನಡದಲ್ಲಿ ಹೇಳಲು ಹೋದೆ. ನಾಗರತ್ನಮ್ಮ ಬೇಡವೆಂದು ಕೈ ಮಾಡಿದರು. ಮುಗಿದ ಮೇಲೆ ಪುಟ್ಟಸ್ವಾಮಿ ಮೂಗು ಒರೆಸಿಕೊಳ್ಳುತ್ತಾ ವರಾಂಡಕ್ಕೆ ಹೋದರು.

"ಈಗ ಎಂಗವ್ಳೆ?" ಎಂದು ಕೇಳಿದರು ನಾಗರತ್ನಮ್ಮ.

ಹಿಂದಿನ ವಾರ ನಾನು ವೀಡಿಯೋ ಕಾಲ್ ಮಾಡಿದ್ದೆ. ಅವರು ಆಗ ಬರ್ಲಿನ್‌ನ ಒಂದು ಆರೈಕೆಯ ಮನೆಯಲ್ಲಿದ್ದರು. ಅಲ್ಲಿನ ನರ್ಸ್ ಫೋನನ್ನು ಅವರ ಮುಖದ ಮುಂದೆ ಹಿಡಿದಳು. ರೋಸ್ವಿತಾರ ತಲೆ ನೀಟಾಗಿ ಬಾಚಿತ್ತು. ನನ್ನನ್ನು ಗುರುತಿಸಲಿಲ್ಲ. ಆದರೆ ಬೀದಿಯಲ್ಲಿ ಅಡ್ಡ ಬಂದ ಅಭಿಮಾನಿಗೆ ನಟಿಯರು ತೋರುವ ಸೌಜನ್ಯದಿಂದ ನಕ್ಕರು.

"ನನ್ನನ್ನ ಯಾವುದರಲ್ಲಿ ನೋಡಿದ್ರಿ?" ಎಂದರು.

"ಮೈಸೂರಲ್ಲಿ. ಒಂದು ನಾಟಕದಲ್ಲಿ."

ಅವರು ಮುಂದಕ್ಕೆ ಬಾಗಿ, ನರ್ಸಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು:

"ಚೆನ್ನಾಗಿ ಮಾಡಿದ್ನಾ?"

"ಚೆನ್ನಾಗಿ ಮಾಡಿದ್ರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು" ಎಂದೆ.